ಅರವತ್ತೆರಡು ಸೆಂಟಿಮೀಟರು

ಅಡಿಗೆಮನೆಯ ಮೇಜು ಅರವತ್ತೆರಡು ಸೆಂಟಿಮೀಟರು.
ಮೂರು ಸಲ ಅಳೆದೆ. ಮೂರನೆಯ ಸಲ
ಟೇಪಿನ ಮೇಲಿದ್ದ ನನ್ನ ಹೆಬ್ಬೆರಳನ್ನು ಸರಿಸಿ
ಸ್ವಾಜಿಗ್ ತಟ್ಟೆ ಇಟ್ಟಳು: ಮೊದಲು ಉಣ್ಣು.

ದುವಾರ್ನೆನೇ ಬಂದರಿನಲ್ಲಿ ನಲವತ್ತು ವರ್ಷ
ದೋಣಿಗಳ ರಾಟೆ ರಿಪೇರಿ ಮಾಡಿದವನು ನಾನು.
ಬಲೆ ಎಳೆಯುವ ರಾಟೆಗೂ ಹಿಟ್ಟು ಹಾಳೆ ಮಾಡುವ ಯಂತ್ರಕ್ಕೂ
ಬಹಳ ದೂರವಿಲ್ಲ ಅಂದೆ:
ಎರಡು ಉರುಳೆ, ನಡುವೆ ಸಂದು, ಒಂದು ಹಿಡಿಕೆ.
ಬಲೆಗೆ ನೋವಾಗುವುದಿಲ್ಲ, ಗುಲ್ವೆನ್, ಅಂದಳು.
ಕಣಕಕ್ಕೆ ಆಗುತ್ತದೆ.

ಅವಳ ಬಲಗೈ ಮಣಿಕಟ್ಟು
ಸಾರ್ಡೀನು ಕಾರ್ಖಾನೆಯಲ್ಲೇ ಉಳಿದುಬಿಟ್ಟಿದೆ.
ತಲೆ ಚಿವುಟು, ಡಬ್ಬಿಗೆ ಜೋಡಿಸು, ತಲೆ ಚಿವುಟು,
ಇಪ್ಪತ್ತೇಳು ಚಳಿಗಾಲ.
ಈಗ ಭಾನುವಾರ ಲಟ್ಟಣಿಗೆ ಹಿಡಿದರೆ
ಸೋಮವಾರ ಚಮಚ ಬೀಳುತ್ತದೆ.
ಬಿದ್ದ ಸದ್ದಿಗೆ ನಾನು ತಿರುಗಿ ನೋಡುವುದಿಲ್ಲ.
ಅದು ನಮ್ಮ ಒಪ್ಪಂದ.

ಹಾಗಂತ ಕ್ವಿನ್-ಅಮನ್ ಬಿಡುತ್ತಾಳೆಯೇ!
ಕಣಕದ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಸಕ್ಕರೆ,
ಮಡಿಸು, ತಿರುಗಿಸು, ಒತ್ತು, ಮತ್ತೆ ಮಡಿಸು.
ಮೂರರ ಮಡಿಕೆ ಮೂರು ಸಲ,
ಇಪ್ಪತ್ತೇಳು ಪದರ. ಎಣಿಸಬಾರದಿತ್ತು, ಎಣಿಸಿದೆ.
ನಮ್ಮ ಕಡೆ ಬೆಣ್ಣೆಗೇ ಉಪ್ಪು ಬೆರೆಸುತ್ತಾರೆ.
ಉಪ್ಪಿಟ್ಟವರನ್ನು ಮುಪ್ಪಿನವರೆಗೆ ನೆನೆಯಬೇಕಂತೆ;
ಮುಪ್ಪು ಬಂದೇ ಬಿಟ್ಟಿತು,
ಇಟ್ಟವಳು ಇನ್ನೂ ಇಡುತ್ತಲೇ ಇದ್ದಾಳೆ.

ಕ್ಯಾಂಪೇರಿನ ಅಂಗಡಿಯಲ್ಲಿ ಮೊದಲು ಕಂಡದ್ದು ಮೋಟಾರಿನದು,
ಎಂಬತ್ತು ಕಿಲೋ, ಪಟ್ಟೆಯ ಮೇಲೆ ಹಿಟ್ಟು ತಾನೇ ಹೋಗಿ ತಾನೇ ಬರುತ್ತದೆ.
ಇದು ಮನೆಗೆ ಬಂದರೆ ನಾವಿಬ್ಬರೂ ಮೆಟ್ಟಿಲ ಮೇಲೆ ಮಲಗಬೇಕು.
ಪಕ್ಕದಲ್ಲಿ ಶಾವಿಗೆ ಯಂತ್ರದ ತಮ್ಮನಂಥದು, ಗೇಣಗಲ;
ನನ್ನ ಮದುವೆಯ ಟೈ ಇಸ್ತ್ರಿಗೆ ಸರಿಹೋದೀತು.
ಇನ್ನೊಂದು, ಬೀಚ್ ಮರದ ಉದ್ದ ಹಲಗೆ, ಕೈಹಿಡಿಕೆ,
ಮಡಚಿದರೆ ಕಪಾಟಿನ ಬೆನ್ನಿಗೆ ಅಂಟಿ ನಿಲ್ಲುತ್ತದೆ,
ಬೆಲೆ ಮಾತ್ರ ಒಂದೂವರೆ ತಿಂಗಳ ಪಿಂಚಣಿ.

ಅಂಗಡಿಯ ಹುಡುಗ ಬ್ರೇವಲ್ ಮಿಲಿಮೀಟರು ಹೇಳುತ್ತಿದ್ದ.
ನಾನು ಹಲ್ಲುಚಕ್ರ ಕೇಳುತ್ತಿದ್ದೆ.
ಇವಳು ಚೀಲದಿಂದ ಒದ್ದೆ ಬಟ್ಟೆಯ ಗಂಟು ತೆಗೆದು
ಕೌಂಟರಿನ ಮೇಲಿಟ್ಟಳು.
ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡದ್ದು ಅದೇ;
ನಾನು ಊಟದ ಬುತ್ತಿ ಅಂದುಕೊಂಡಿದ್ದೆ.

ಹುಡುಗ ನಗಲಿಲ್ಲ. ತೋಳು ಮಡಚಿದ.
ಮೊದಲ ಸುತ್ತಿಗೇ ಒಳಗಿನ ಬೆಣ್ಣೆ ಒಡೆಯಿತು,
ಬೇಸಿಗೆಯ ಕೆರೆಯ ತಳದ ಹಾಗೆ.
ಯಂತ್ರದ ತಪ್ಪಲ್ಲ, ಅಂದಳು ಇವಳು,
ಕಿಟಕಿಯ ಕಡೆ ಕೂತೆ, ತಣ್ಣಗಾಯಿತು.
ಅಂಗೈ ಇಟ್ಟು ಕಾದಳು.
ಅಂಗಡಿಯೂ ಕಾಯಿತು. ಯಾರೋ ಟೋಸ್ಟರು ಕೇಳಲು ಬಂದರು,
ಅವರೂ ನಿಂತರು.
ಎರಡನೆಯ ಸುತ್ತಿಗೆ ಹಾಳೆ ಬಂತು,
ಅಂಚು ಒಡೆಯದೆ, ಹಾಸಿಗೆಯಿಂದ ಎದ್ದ ಮಗುವಿನಂತೆ ಬೆಚ್ಚಗೆ.

ಆಗ ಗೊತ್ತಾಯಿತು ತೊಡಕು.
ಹಿಡಿಕೆ ತಿರುಗಿಸಲು ಒಂದು ಕೈ,
ಬರುವ ಹಾಳೆ ಹಿಡಿಯಲು ಇನ್ನೊಂದು.
ಇವಳ ಬಳಿ ಇರುವುದು ಒಂದೇ.
ಮೋಟಾರಿನದ್ದಕ್ಕೆ ಕಂತಿದೆ, ಅಂದ ಬ್ರೇವಲ್, ತಗ್ಗಿದ ದನಿಯಲ್ಲಿ.
ಇವಳು ಬಟ್ಟೆಯ ಗಂಟು ಕಟ್ಟತೊಡಗಿದಳು.

ಮರದ್ದೇ ಕೊಡಿ, ಅಂದೆ.

ಈಗ ಹಲಗೆಯನ್ನು ತಿರುಗಿಸಿ ಇಟ್ಟಿದ್ದೇವೆ:
ಹಿಡಿಕೆ ಕಿಟಕಿಯ ಕಡೆ, ಅಂಕಿಯ ಬಿಲ್ಲೆಯೂ ಆ ಕಡೆ.
ಮೇಜಿಗೂ ಗೋಡೆಗೂ ನಡುವಿನ ಸಂದಿನಲ್ಲಿ
ಹೊಟ್ಟೆ ಒಳಗೆಳೆದುಕೊಂಡು ನಾನು ನಿಲ್ಲುತ್ತೇನೆ.
(ಆ ಸಂದು ನಾನು ಅಳೆದಿರಲಿಲ್ಲ.)
ಎಂಟು, ಅನ್ನುತ್ತೇನೆ. ಆರು. ನಾಲ್ಕೂವರೆ.
ನಿಧಾನ, ಅನ್ನುತ್ತಾಳೆ, ಇದು ಸಮುದ್ರವಲ್ಲ.
ಎಡಗೈ ಚಾಚಿ ಹಾಳೆಯನ್ನು ಬರಮಾಡಿಕೊಳ್ಳುತ್ತಾಳೆ.

ಸೋಮವಾರ ಚಮಚ ಬಿತ್ತು.
ಈ ಸಲ ನನ್ನ ಕೈಯಿಂದ.
ಸ್ವಾಜಿಗ್ ಒಲೆಯ ಕಡೆಗೇ ಮುಖ ಮಾಡಿ ನಿಂತಿದ್ದಳು,
ತಿರುಗಿ ನೋಡಲಿಲ್ಲ.